ಬಾನುಲಿಯ ಅನುಮತಿ: ಮಾಧ್ಯಮನೀತಿಯ ಬೋಧನೆಗೆ ಒಂದು ನಿದರ್ಶನ

ಸಂಪರ್ಕ ಮಾಧ್ಯಮಗಳ ವಿಷಯದಲ್ಲಿ ಸರಕಾರಗಳು ತಮ್ಮ ನೀತಿಯನ್ನು ನಿರ್ಣಯಿಸುವುದು ಹೇಗೆ ಎಂಬುದನ್ನು ಬೋಧಿಸುವಾಗ ಪಾಠವು ಅಧಿನಿಯಮಗಳ ಹೆಸರು ಮತ್ತು ವರ್ಷಗಳ ಪಟ್ಟಿಯಾಗಿಬಿಡುವ ಅಪಾಯವುಂಟು. ಪಟ್ಟಿಯನ್ನು ಮಾತ್ರ ಕಲಿತ ವಿದ್ಯಾರ್ಥಿಯ ಮನಸ್ಸಿನಲ್ಲಿ ಎರಡು ತಪ್ಪು ಭಾವನೆಗಳು ನೆಲೆಗೊಳ್ಳುತ್ತವೆ. ಹೊಸ ಯಂತ್ರ ಬಂದೊಡನೆ ಹೊಸ ನೀತಿ ಹುಟ್ಟುತ್ತದೆ ಎಂಬುದು ಒಂದು. ನೀತಿಯೆಂಬುದು ಯಾರೋ ಒಬ್ಬರು ಒಂದು ದಿನ ಕೈಗೊಂಡ ತೀರ್ಮಾನ ಎಂಬುದು ಇನ್ನೊಂದು. ಯಾವುದಾದರೊಂದು ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ಪರಿಶೀಲಿಸಿದರೆ ಇವೆರಡೂ ನಿವಾರಣೆಯಾಗುತ್ತವೆ. ಭಾರತದಲ್ಲಿ ಸಮುದಾಯ ಬಾನುಲಿಗೆ ಅನುಮತಿ ದೊರೆತ ಪ್ರಸಂಗವು ಇದಕ್ಕೆ ತಕ್ಕುದಾಗಿದೆ.

ಈ ಪ್ರಸಂಗದ ಆರಂಭವನ್ನು ಬಾನುಲಿಯು ಹುಟ್ಟುವುದಕ್ಕೂ ಹಿಂದೆಯೇ ಹುಡುಕಬೇಕು. 1885ರ ಭಾರತೀಯ ತಂತಿ ಅಧಿನಿಯಮವು ತಂತಿವ್ಯವಸ್ಥೆಯನ್ನು ಸ್ಥಾಪಿಸಿ ನಡೆಸುವ ಹಕ್ಕು ಸರಕಾರಕ್ಕೆ ಮಾತ್ರವೇ ಸೇರಿದ್ದೆಂದು ವಿಧಿಸಿತು. ಇತರರಿಗೆ ಪರವಾನಗಿ ಕೊಡುವ ಅಧಿಕಾರವನ್ನೂ ಅದಕ್ಕೇ ನೀಡಿತು. ಮುಂದೆ ನಿಸ್ತಂತು ಸಂಪರ್ಕವೂ ಆ ವ್ಯಾಖ್ಯೆಯೊಳಗೆ ಸೇರಿತು. ಹೀಗಾಗಿ, ಪ್ರಸಾರ ಮಾಡುವ ಹಕ್ಕು ಯಾರದೆಂಬ ಪ್ರಶ್ನೆಗೆ, ಆ ಪ್ರಶ್ನೆಯನ್ನು ಯಾರೂ ಕೇಳುವ ಮೊದಲೇ ಉತ್ತರ ಸಿದ್ಧವಾಗಿದ್ದಿತು. 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಪ್ರಸಾರ ಆರಂಭಿಸಿದ ಖಾಸಗಿ ಸಂಸ್ಥೆಯು ನಷ್ಟಕ್ಕೀಡಾಗಿ 1930ರಲ್ಲಿ ಮುಚ್ಚಿದಾಗ, ಸರಕಾರವೇ ಆ ಕಾರ್ಯವನ್ನು ವಹಿಸಿಕೊಂಡಿತು. ಸಂವಿಧಾನವೂ ಪ್ರಸಾರವನ್ನು ಕೇಂದ್ರಪಟ್ಟಿಯಲ್ಲಿಯೇ ಇರಿಸಿತು.

ಯಂತ್ರದ ಕೊರತೆಯು ಇಲ್ಲಿ ಕಾರಣವಾಗಿರಲಿಲ್ಲ ಎಂಬುದಕ್ಕೆ ಮೈಸೂರೇ ಸಾಕ್ಷಿ. ಅಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿ, ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟರು. ಸಂಸ್ಥಾನದ ಕಾಲದಲ್ಲಿ ಒಬ್ಬ ಅಧ್ಯಾಪಕರಿಗೆ ಸಾಧ್ಯವಾದುದು, ಗಣರಾಜ್ಯದಲ್ಲಿ ಒಂದು ಗ್ರಾಮಸಂಘಕ್ಕೆ 2005ರಲ್ಲಿಯೂ ಸಾಧ್ಯವಿರಲಿಲ್ಲ.

ನಡುವಣ ಕಾಲದಲ್ಲಿ ವಿಚಾರಗಳಿಗೆ ಬರವಿದ್ದಿತೆಂದಲ್ಲ. ಚಂದಾ ಸಮಿತಿಯು 1966ರಲ್ಲಿಯೂ ವರ್ಗೀಸ್ ಸಮಿತಿಯು 1978ರಲ್ಲಿಯೂ ಪ್ರಸಾರವನ್ನು ಇಲಾಖೆಯ ನೇರ ಆಡಳಿತದಿಂದ ಬಿಡಿಸಬೇಕೆಂದು ಸೂಚಿಸಿದವು. ಸಂಸತ್ತು ಪ್ರಸಾರ ಭಾರತಿ ಅಧಿನಿಯಮವನ್ನು ಅಂಗೀಕರಿಸಿದ್ದು 1990ರಲ್ಲಿ. ಅದು ಜಾರಿಗೆ ಬಂದದ್ದು 1997ರಲ್ಲಿ. ಶಿಫಾರಸು ಬೇರೆ, ನಿರ್ಣಯ ಬೇರೆ. ಶಾಸನದ ಅಂಗೀಕಾರ ಬೇರೆ, ಅದರ ಜಾರಿ ಬೇರೆ. ಈ ನಾಲ್ಕರ ಭೇದವನ್ನು ವಿದ್ಯಾರ್ಥಿಯು ಮೊದಲು ಗ್ರಹಿಸಬೇಕು.

ಮಾರ್ಗವು ತೆರೆದದ್ದು ಅನಿರೀಕ್ಷಿತವಾದ ದಿಕ್ಕಿನಿಂದ. ಕ್ರಿಕೆಟ್ ಪಂದ್ಯಗಳ ದೂರದರ್ಶನ ಪ್ರಸಾರವನ್ನು ಕುರಿತ ವ್ಯಾಜ್ಯವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ನೀಡುತ್ತ, ಆಕಾಶತರಂಗಗಳು ಸಾರ್ವಜನಿಕ ಸ್ವತ್ತೆಂದೂ ಅವುಗಳ ನಿಯಂತ್ರಣವು ಒಂದು ಸಾರ್ವಜನಿಕ ಪ್ರಾಧಿಕಾರದ ಕೈಯಲ್ಲಿ ಇರಬೇಕೆಂದೂ ಹೇಳಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಪ್ರಸಾರಾಸಕ್ತರು ಸಮುದಾಯ ಬಾನುಲಿಗೆ ಅವಕಾಶ ಕೋರಿ ಒಂದು ಘೋಷಣೆಯನ್ನು ಹೊರಡಿಸಿದರು. ಆದರೆ ಅವಕಾಶಗಳು ದೊರೆತ ಕ್ರಮವನ್ನು ಗಮನಿಸಬೇಕು. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ವಿದ್ಯಾಸಂಸ್ಥೆಗಳಿಗೆ ಅನುಮತಿ ದೊರೆತದ್ದು 2002ರ ಕೊನೆಯಲ್ಲಿ. ಲಾಭೋದ್ದೇಶವಿಲ್ಲದ ಜನಸಂಸ್ಥೆಗಳ ಸರದಿ ಬಂದದ್ದು 2006ರಲ್ಲಿ. ಹಣವಿದ್ದವರು ಮೊದಲು, ಪ್ರತಿಷ್ಠೆಯಿದ್ದವರು ಅನಂತರ, ಹಳ್ಳಿಯವರು ಕೊನೆಗೆ.

ಈ ವಿಳಂಬದ ಅರ್ಥವನ್ನು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಕಾಣಬಹುದು. ಅಲ್ಲಿಯ ‘ನಮ್ಮ ಧ್ವನಿ’ ಕೇಂದ್ರದಲ್ಲಿ ಗ್ರಾಮಸ್ಥರು ತಾವೇ ಕಾರ್ಯಕ್ರಮಗಳನ್ನು ಸಿದ್ಧಪಡಿಸುತ್ತಿದ್ದರು. ತರಂಗಗಳನ್ನು ಬಳಸಲು ಅನುಮತಿಯಿಲ್ಲದ ಕಾರಣ, ಕೇಬಲ್ ತಂತಿಯ ಮೂಲಕ ಅವನ್ನು ಮನೆಗಳಿಗೆ ಮುಟ್ಟಿಸಬೇಕಾಯಿತು. ಹೇಳುವವರೂ ಇದ್ದರು, ಕೇಳುವವರೂ ಇದ್ದರು. ಇಲ್ಲದಿದ್ದುದು ಪರವಾನಗಿ ಮಾತ್ರ.

2006ರ ಮಾರ್ಗಸೂಚಿಯನ್ನು ತರಗತಿಯಲ್ಲಿ ಒಂದೊಂದು ನಿಬಂಧನೆಯಾಗಿ ಓದಿಸಬೇಕು. ಅರ್ಜಿ ಸಲ್ಲಿಸುವ ಸಂಸ್ಥೆಯು ಕನಿಷ್ಠ 3 ವರ್ಷ ಸೇವೆ ಸಲ್ಲಿಸಿರಬೇಕು. ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವ್ಯಾಟನ್ನು ಮೀರಬಾರದು. ಕಾರ್ಯಕ್ರಮಗಳಲ್ಲಿ ಶೇಕಡ 50ರಷ್ಟಾದರೂ ಸ್ಥಳೀಯವಾಗಿ ಸಿದ್ಧವಾಗಬೇಕು. ಜಾಹೀರಾತು ಗಂಟೆಗೆ 5 ನಿಮಿಷಕ್ಕೆ ಸೀಮಿತ. ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳಿಗೆ ಅವಕಾಶವಿಲ್ಲ. ಜಾಹೀರಾತು ಮತ್ತು ಸುದ್ದಿಯ ನಿಬಂಧನೆಗಳು ಮುಂದೆ ಕೆಲಮಟ್ಟಿಗೆ ಸಡಿಲವಾದವು. ಮೇಲ್ನೋಟಕ್ಕೆ ಇವು ಕೇವಲ ತಾಂತ್ರಿಕ ವಿವರಗಳು. ವಾಸ್ತವದಲ್ಲಿ ಒಂದೊಂದೂ ಯಾವುದೋ ಒಂದು ಆತಂಕಕ್ಕೆ, ಇಲ್ಲವೆ ಯಾರದೋ ಹಿತಕ್ಕೆ ಕೊಟ್ಟ ಉತ್ತರ. ಅರ್ಜಿಯು ವಾರ್ತಾ ಇಲಾಖೆಯಲ್ಲಿಯೇ ಮುಗಿಯದೆ ಗೃಹ, ರಕ್ಷಣೆ, ಸಂಪರ್ಕ ಮೊದಲಾದ ಇಲಾಖೆಗಳನ್ನು ಹಾದುಹೋಗಬೇಕಾಗಿದ್ದಿತು ಎಂಬುದನ್ನು ತಿಳಿದಾಗ, ‘ಸರಕಾರ’ವೆಂಬುದು ಏಕವ್ಯಕ್ತಿಯಲ್ಲವೆಂಬುದು ವಿದ್ಯಾರ್ಥಿಗೆ ತಾನಾಗಿ ಮನದಟ್ಟಾಗುತ್ತದೆ.

ಬೋಧನೆಯ ಕ್ರಮವು ಸರಳವಾದುದು. ಅಧಿನಿಯಮ, ಸಮಿತಿಯ ವರದಿ, ತೀರ್ಪು, ಘೋಷಣೆ, ಮಾರ್ಗಸೂಚಿ — ಇವುಗಳಿಂದ ಆಯ್ದ ಪುಟಗಳನ್ನು ಕಾಲಾನುಕ್ರಮದಲ್ಲಿ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಪ್ರತಿಯೊಂದನ್ನು ಕುರಿತು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಇದನ್ನು ಬರೆಯುವ ಅಧಿಕಾರ ಯಾರಿಗಿದ್ದಿತು? ಯಾರ ಅಭಿಪ್ರಾಯವನ್ನು ಕೇಳಲಾಯಿತು? ಹಿಂದಿನ ಯಾವ ಮಾತು ಇದರಲ್ಲಿ ಹಾಗೆಯೇ ಉಳಿದಿದೆ? ಯಾರ ಕೋರಿಕೆ ಬಿಟ್ಟುಹೋಗಿದೆ? ಅನಂತರ ತರಗತಿಯನ್ನು ಇಲಾಖೆಗಳು, ಉದ್ಯಮ, ಗ್ರಾಮಸಂಘ ಎಂದು ವಿಭಾಗಿಸಿ, ಸುದ್ದಿಯನ್ನು ಕುರಿತ ನಿಬಂಧನೆಯೊಂದನ್ನೇ ಚರ್ಚೆಗಿಡಬಹುದು. ಒಮ್ಮತಕ್ಕೆ ಬರಬೇಕಾದ ಅಗತ್ಯವಿಲ್ಲ. ಪ್ರತಿ ಪಕ್ಷವೂ ತನ್ನ ವಾದಕ್ಕೆ ದಾಖಲೆಯ ಆಧಾರವನ್ನು ತೋರಿಸಬೇಕು.

1885ರ ಅಧಿನಿಯಮದ ಸ್ಥಾನದಲ್ಲಿ ನಿಲ್ಲಬೇಕೆಂದು 2023ರಲ್ಲಿ ಅಂಗೀಕೃತವಾದ ದೂರಸಂಪರ್ಕ ಅಧಿನಿಯಮವು 2024ರಲ್ಲಿ ಭಾಗಭಾಗವಾಗಿ ಜಾರಿಗೆ ಬರಲಾರಂಭಿಸಿತು. ಅದರ ಪ್ರಕಾರ ತರಂಗಗಳ ಒಡೆತನ ಜನತೆಯ ಪರವಾಗಿ ಕೇಂದ್ರ ಸರಕಾರದ್ದು. 1995ರ ತೀರ್ಪು ಕೋರಿದ ‘ಸಾರ್ವಜನಿಕ ಪ್ರಾಧಿಕಾರ’ವೂ ಈ ‘ಜನತೆಯ ಪರವಾದ ಸರಕಾರ’ವೂ ಒಂದೇ ಅರ್ಥವನ್ನು ಕೊಡುತ್ತವೆಯೆ? ಎರಡು ಪಠ್ಯಗಳನ್ನೂ ಮುಂದಿರಿಸಿಕೊಂಡು ಈ ಪ್ರಶ್ನೆಗೆ ಸ್ವಂತ ಉತ್ತರವನ್ನು ಬರೆಯಬಲ್ಲ ವಿದ್ಯಾರ್ಥಿಯು ಈ ವಿಷಯವನ್ನು ನಿಜವಾಗಿ ಕಲಿತಿದ್ದಾನೆಂದು ಅಧ್ಯಾಪಕರು ಭಾವಿಸಬಹುದು.