ಎಣಿಕೆಗೆ ಸಿಕ್ಕ ಆನೆ, ಸಿಗದ ಆನೆ

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಬೆಳಗ್ಗೆ ಕೆಲಸಕ್ಕೆ ಇಳಿಯುವ ಮುನ್ನ ಕೇಳುವ ಮಾತು, 'ಆನೆ ಎಲ್ಲಿವೆ?' ಎಷ್ಟಿವೆ ಎಂಬ ಪ್ರಶ್ನೆ ಇನ್ನೂ ಕಷ್ಟದ್ದು.

2023ರ ಮೇ ತಿಂಗಳ ಗಣತಿ ಕರ್ನಾಟಕದಲ್ಲಿ 6,395 ಆನೆಗಳಿವೆ ಎಂದಿತು. ಜನರ ಬಾಯಲ್ಲಿ ಉಳಿದದ್ದು ಆ ಒಂದೇ ಸಂಖ್ಯೆ. ಅದರ ಜೊತೆಗೇ 5,914ರಿಂದ 6,877ರವರೆಗೆ ಎಂಬ ವ್ಯಾಪ್ತಿಯನ್ನೂ ಕೊಟ್ಟಿದ್ದರು. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಈ ವ್ಯಾಪ್ತಿಯೇ. ಇಡೀ ಕಾಡನ್ನು ಎಣಿಸುವುದು ಯಾರಿಂದಲೂ ಆಗದು. ಆಯ್ದ ಬ್ಲಾಕ್‌ಗಳಲ್ಲಿ ಕಣ್ಣಿಗೆ ಬಿದ್ದ ಆನೆಗಳನ್ನು, ಕಾಡಿನೊಳಗೆ ನೇರವಾಗಿ ಗುರುತಿಸಿದ ಸೀಳುದಾರಿಗಳಲ್ಲಿ ಲದ್ದಿಯನ್ನು ಎಣಿಸುತ್ತಾರೆ. ಬೇರೆ ಬ್ಲಾಕ್ ಆಯ್ದಿದ್ದರೆ ಬೇರೆ ಉತ್ತರ ಬರುತ್ತಿತ್ತು.

ಹತ್ತು ಬ್ಲಾಕ್‌ಗಳಿವೆ, ಇಪ್ಪತ್ತು ಆನೆಗಳ ಹಿಂಡು ಒಂದರಲ್ಲಿದೆ ಎಂದುಕೊಳ್ಳಿ. ಎರಡು ಬ್ಲಾಕ್ ನೋಡಿ, ಕಂಡದ್ದನ್ನು ಐದರಿಂದ ಗುಣಿಸುತ್ತೀರಿ. ಎರಡು ಬ್ಲಾಕ್‌ಗಳನ್ನು 45 ಬಗೆಯಲ್ಲಿ ಆರಿಸಬಹುದು. 36 ಬಗೆಯಲ್ಲಿ ಆನೆಯೇ ಕಾಣದು, ಉತ್ತರ ಸೊನ್ನೆ. ಉಳಿದ 9ರಲ್ಲಿ ಉತ್ತರ ನೂರು. ಎಲ್ಲ 45ರ ಸರಾಸರಿ ತೆಗೆದರೆ ಸರಿಯಾಗಿ ಇಪ್ಪತ್ತು! ವಿಧಾನ ಎತ್ತಲೂ ವಾಲಿಲ್ಲ, ಆದರೂ ಒಂದು ಸಲವೂ ನಿಜ ಹೇಳಲಿಲ್ಲ. ಮಾದರಿಯಿಂದ ಮಾದರಿಗೆ ಉತ್ತರ ಹೀಗೆ ಹರಡಿಕೊಳ್ಳುವುದನ್ನೇ ಸಂಖ್ಯಾಶಾಸ್ತ್ರದ ಮೊದಲ ಪಾಠಗಳಲ್ಲಿ ಕಲಿಸುತ್ತಾರೆ. ಹೆಚ್ಚು ಬ್ಲಾಕ್ ನೋಡಿದಷ್ಟೂ ಈ ಹರವು ಕಿರಿದಾಗುತ್ತದೆ.

ಉತ್ತರ ಸದಾ ಒಂದೇ ಕಡೆಗೆ ವಾಲುವ ಓರೆ ಹಾಗಲ್ಲ, ಹೆಚ್ಚು ನೋಡಿದರೂ ಅದು ಹೋಗುವುದಿಲ್ಲ. ಲದ್ದಿ ಲೆಕ್ಕದಲ್ಲಿ ಎರಡು ಸಂಗತಿ ಗೊತ್ತಿರಬೇಕು: ಆನೆ ದಿನಕ್ಕೆ ಎಷ್ಟು ಸಲ ಲದ್ದಿ ಹಾಕುತ್ತದೆ, ಅದು ಎಷ್ಟು ದಿನ ಉಳಿಯುತ್ತದೆ. ಒಣ ಕಾಡಿನಲ್ಲಿ ಅಳೆದ ದಿನಗಳನ್ನು ಮಳೆ ಸುರಿಯುವ ಮಲೆನಾಡಿಗೆ ಹಚ್ಚಿದರೆ, ಬೇಗ ಕೊಚ್ಚಿಹೋದ ಲದ್ದಿಯ ಆನೆಗಳು ಲೆಕ್ಕಕ್ಕೇ ಸಿಗುವುದಿಲ್ಲ. ಆಗ ಸಾವಿರ ಸೀಳುದಾರಿ ನಡೆದರೂ ಉತ್ತರ ಕಡಿಮೆಯ ಕಡೆಗೇ ವಾಲುತ್ತದೆ. ಹಗಲೆಲ್ಲ ಕಾಫಿ ತೋಟದಲ್ಲಿ ನಿಲ್ಲುವ ಆನೆಯನ್ನು ಕಾಡಿನ ಗಡಿಯೊಳಗೆ ಮಾತ್ರ ಹುಡುಕಿದರೂ ಅಷ್ಟೇ.

ಈ ಸೀಮೆಯಲ್ಲಿ ಆನೆಯ ಲೆಕ್ಕ ಜೀವದ ಪ್ರಶ್ನೆ. ಆನೆ ತಜ್ಞ ರಾಮನ್ ಸುಕುಮಾರ್ ನೇತೃತ್ವದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಲು ಸಲಹೆ ಕೊಟ್ಟಿತು. ಬಳಿಕ 22 ಆನೆಗಳನ್ನು ಹಿಡಿದರು. ತೋಟಕ್ಕೆ ಆನೆ ಬರುವುದು ನಿಲ್ಲಲಿಲ್ಲ.

ತೋಟದವರಲ್ಲಿ ಒಂದು ಕೋರಿಕೆ. ಆನೆ ಬಂದ ದಿನ ಅರಣ್ಯ ಇಲಾಖೆಗೆ ಫೋನ್ ಹೋಗುತ್ತದೆ, ಬಾರದ ದಿನ ಯಾರೂ ಹೇಳುವುದಿಲ್ಲ. ಬಂದ ದಿನಗಳಷ್ಟೇ ಲೆಕ್ಕಕ್ಕೆ ಸಿಕ್ಕರೆ ಅದೂ ಓರೆಯೇ. ಮಳೆ ಅಳತೆ ಬರೆದಿಡುವ ಪುಸ್ತಕದಲ್ಲೇ ಆನೆಗೂ ಒಂದು ಸಾಲು ಇಡಿ. ಬಾರದ ದಿನ ಅಲ್ಲಿ ಸೊನ್ನೆ ಬರೆಯಿರಿ.