ಆಕ್ಯುಪಂಕ್ಚರ್, ಆಸ್ಟಿಯೋಪತಿ ಚಿಕಿತ್ಸೆಗೆ ಮೊದಲ ಸಲ ಹೋಗುವವರು ತಿಳಿದಿರಬೇಕಾದದ್ದು

ಮಂಡಿ ನೋವು, ಸೊಂಟ ನೋವು, ಕತ್ತಿನ ಬಿಗಿತ ಇಲ್ಲದ ಮನೆ ಈಗ ಕಡಿಮೆ. ಸಾಮಾಯಿಕಕ್ಕೆ ನೆಲದ ಮೇಲೆ ಕೂರಲಾಗದೆ ಕುರ್ಚಿ ಹಾಕಿಸಿಕೊಳ್ಳುವ ಹಿರಿಯರು, ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಆರು ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಳಿದು ವಾರಗಟ್ಟಲೆ ಮಂಡಿ ನೀವಿಕೊಳ್ಳುವವರು, ದಿನವಿಡೀ ಗಲ್ಲಾದಲ್ಲೋ ಕಂಪ್ಯೂಟರ್ ಮುಂದೆಯೋ ಕೂತು ಬೆನ್ನು ಹಿಡಿಸಿಕೊಂಡವರು ಎಲ್ಲ ಊರುಗಳಲ್ಲೂ ಇದ್ದಾರೆ. ಮಾತ್ರೆ ನುಂಗಿ ಬೇಸತ್ತವರು ಸೂಜಿ ಚಿಕಿತ್ಸೆ ಅಥವಾ ಕೈಚಿಕಿತ್ಸೆಯ ಕಡೆಗೆ ನೋಡುವುದು ಸಹಜ. ನಗರಗಳಲ್ಲಿ ಆಕ್ಯುಪಂಕ್ಚರ್ ಮತ್ತು ಆಸ್ಟಿಯೋಪತಿ ಎರಡನ್ನೂ ಒಂದೇ ಸೂರಿನಡಿ ಕೊಡುವ ಕ್ಲಿನಿಕ್‌ಗಳೂ ಇವೆ.

ಮೊದಲ ಭೇಟಿಯ ತಯಾರಿ ಎಂದರೆ ಹೆಚ್ಚಿನವರು ಎಕ್ಸ್‌ರೇ ಹುಡುಕಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಅದು ಬೇಕು. ಆದರೆ ಜೈನ ಕುಟುಂಬಗಳ ಮಟ್ಟಿಗೆ ಅದಕ್ಕಿಂತ ಮುಖ್ಯವಾದ, ಮತ್ತು ಸಾಮಾನ್ಯವಾಗಿ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯವಿದೆ. ಆ ದಿನ ಊಟ ಆಗಿದೆಯೇ, ಇಲ್ಲವೇ, ಯಾವ ವ್ರತ ನಡೆಯುತ್ತಿದೆ ಎನ್ನುವುದು.

ಖಾಲಿ ಹೊಟ್ಟೆ ಮತ್ತು ಸೂಜಿ

ಆಕ್ಯುಪಂಕ್ಚರ್‌ನಲ್ಲಿ ಕೆಲವರಿಗೆ, ಅದರಲ್ಲೂ ಮೊದಲ ಸಲ ಬಂದವರಿಗೆ, ಸೂಜಿ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ತಲೆ ಸುತ್ತುತ್ತದೆ. ಮುಖ ಬಿಳಿಚುತ್ತದೆ, ತಣ್ಣನೆಯ ಬೆವರು ಬರುತ್ತದೆ, ಆಕಳಿಕೆ, ವಾಕರಿಕೆ ಶುರುವಾಗುತ್ತದೆ. ಕೆಲವೊಮ್ಮೆ ಪ್ರಜ್ಞೆಯೂ ತಪ್ಪುತ್ತದೆ. ಹೆದರಿಕೆ, ನಿದ್ದೆಗೆಟ್ಟ ದಣಿವು, ಎಲ್ಲಕ್ಕಿಂತ ಹೆಚ್ಚಾಗಿ ಖಾಲಿ ಹೊಟ್ಟೆ ಇದಕ್ಕೆ ದಾರಿ ಮಾಡಿಕೊಡುತ್ತವೆ. ಹೀಗಾದಾಗ ಚಿಕಿತ್ಸಕರು ಮಾಡುವುದು ಸರಳ ಕೆಲಸ. ಸೂಜಿಗಳನ್ನು ತೆಗೆದು, ಮಲಗಿಸಿ, ಕಾಲು ಎತ್ತರಿಸಿ, ಎಚ್ಚರವಿದ್ದರೆ ಸಕ್ಕರೆ ನೀರೋ ಸಿಹಿಯೋ ಕೊಡುತ್ತಾರೆ. ಹೆಚ್ಚಿನವರು ಹತ್ತು ನಿಮಿಷದಲ್ಲಿ ಚೇತರಿಸಿಕೊಳ್ಳುತ್ತಾರೆ.

ಆದರೆ ಅಷ್ಟಮಿಯ ಉಪವಾಸದಲ್ಲಿರುವ ಅಜ್ಜಿ ಆ ಲೋಟವನ್ನು ಮುಟ್ಟುವುದಿಲ್ಲ. ಚೌವಿಹಾರ ಪಚ್ಚಕ್ಖಾಣ ತೆಗೆದುಕೊಂಡವರು ಸೂರ್ಯಾಸ್ತದ ನಂತರ ನೀರನ್ನೂ ಕುಡಿಯುವುದಿಲ್ಲ. ಚಿಕಿತ್ಸಕರಿಗೆ ಇದು ಗೊತ್ತಿರುವುದಿಲ್ಲ. ಹೇಳಿದರೆ ಚಿಕಿತ್ಸೆ ಮುಂದಕ್ಕೆ ಹೋಗುತ್ತದೆಂದು ಹೋದವರೂ ಹೇಳಿರುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಇದು ಇನ್ನೂ ಅಪಾಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಇಳಿಯುತ್ತದೆ. ಆಗಲೂ ಬೆವರು, ನಡುಕ, ತಲೆಸುತ್ತು ಬರುತ್ತವೆ. ಸೂಜಿಯ ಮೇಜಿನ ಮೇಲೆ ಮಲಗಿದವರಿಗೆ ಹೀಗಾದರೆ ಅದು ಸೂಜಿಯ ಹೆದರಿಕೆಯೆಂದು ಎಲ್ಲರೂ ಅಂದುಕೊಂಡು ಕಾಯುವ ಸಾಧ್ಯತೆಯಿದೆ. ಕಾಯಬಾರದ ಸಮಯ ಅದು.

ಆದ್ದರಿಂದ ಉಪವಾಸದ ದಿನ, ಮತ್ತು ದೀರ್ಘ ಉಪವಾಸ ಮುಗಿದು ಪಾರಣೆಯಾದ ಮರುದಿನವೂ, ಮೊದಲ ಭೇಟಿ ಬೇಡ. ದಶಲಕ್ಷಣ ಪರ್ವದ ಹತ್ತು ದಿನ ಅಥವಾ ಪರ್ಯೂಷಣದ ಎಂಟು ದಿನ ವ್ರತ ಹಿಡಿಯುವವರು ಪರ್ವ ಕಳೆದ ಮೇಲೆ ದಿನ ಗೊತ್ತು ಮಾಡಿಕೊಳ್ಳುವುದು ಲೇಸು. ಹತ್ತು ವರ್ಷದ ಮಂಡಿ ನೋವು ಇನ್ನೆರಡು ವಾರ ಕಾದರೆ ಕೆಡುವುದೇನೂ ಇಲ್ಲ. ಏಕಭುಕ್ತ ಅಥವಾ ಏಕಾಶನ ಮಾಡುವವರು ಊಟವಾದ ಒಂದೂವರೆ, ಎರಡು ಗಂಟೆಯ ನಂತರದ ಸಮಯ ಕೇಳಬಹುದು. ಹೊಟ್ಟೆ ಬಿರಿಯುವಷ್ಟು ಉಂಡು ತಕ್ಷಣ ಬೋರಲು ಮಲಗುವುದೂ ಹಿತವಲ್ಲ. ರಾತ್ರಿ ಭೋಜನ ತ್ಯಾಗವಿರುವವರಿಗೆ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗಿನ ಹೊತ್ತು ಒಳ್ಳೆಯದು. ಕೆಲಸ ಮುಗಿಸಿ ಬರುವವರಿಗೆಂದು ಕ್ಲಿನಿಕ್‌ಗಳು ಸಂಜೆ ಏಳು, ಎಂಟರ ಸಮಯ ಕೊಡುತ್ತವೆ. ಆಗ ತಲೆ ಸುತ್ತಿದರೆ ಏನೂ ಸೇವಿಸುವಂತಿಲ್ಲ.

ಮನೆಯವರು ಮಾಡಬೇಕಾದ ಕೆಲಸವೂ ಒಂದಿದೆ. ಹಿರಿಯರು ವ್ರತದ ವಿಷಯವನ್ನು ಹೊರಗಿನವರ ಮುಂದೆ ಹೇಳಿಕೊಳ್ಳಲು ಇಷ್ಟಪಡುವುದಿಲ್ಲ. ಹೇಳಿದರೆ ಬಡಾಯಿಯಂತೆ ಕಾಣುತ್ತದೆಂಬ ಸಂಕೋಚ. ಜೊತೆಗೆ ಹೋದ ಮಗ, ಸೊಸೆ ಅದನ್ನು ಹೇಳಬೇಕು. ‘ಅಮ್ಮ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಾರೆ, ಸಂಜೆ ಆರರ ನಂತರ ನೀರು ಕುಡಿಯುವುದಿಲ್ಲ, ಬೆಳಗಿನ ಸಕ್ಕರೆ ಮಾತ್ರೆ ತೆಗೆದುಕೊಂಡಿದ್ದಾರೆ’ ಎಂಬ ಮೂರು ಮಾತು ಸಾಕು.

ಎರಡು ಬೇರೆ ವಿದ್ಯೆಗಳು

ಆಕ್ಯುಪಂಕ್ಚರ್ ಚೀನಾದ ಹಳೆಯ ಪದ್ಧತಿ. ಭಾರತಕ್ಕೆ ಅದು ಬಂದ ಕತೆಯಲ್ಲಿ ಸೊಲ್ಲಾಪುರದ ಹೆಸರಿದೆ. 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದರು; ಅವರು ಅಲ್ಲೇ 1942ರಲ್ಲಿ ತೀರಿಕೊಂಡರು. ಅದೇ ತಂಡದ ಡಾ. ಬಿ.ಕೆ. ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ವಿದ್ಯೆ ಕಲಿತು ಬಂದು ಕಲ್ಕತ್ತೆಯಲ್ಲಿ ಆರಂಭಿಸಿದರು. ಆಸ್ಟಿಯೋಪತಿ ಇದಕ್ಕೆ ಸಂಬಂಧವಿಲ್ಲದ ಅಮೆರಿಕದ ವಿದ್ಯೆ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1874ರಲ್ಲಿ ಅದನ್ನು ಪ್ರತಿಪಾದಿಸಿ, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದರು. ಇದರಲ್ಲಿ ಸೂಜಿಯಿಲ್ಲ, ಔಷಧಿಯಿಲ್ಲ. ಸ್ನಾಯುಗಳನ್ನು ಒತ್ತಿ, ಎಳೆದು, ಕೀಲುಗಳನ್ನು ನಿಧಾನವಾಗಿ ಆಡಿಸಿ, ಕೆಲವೊಮ್ಮೆ ಒಂದೇ ಸಲ ಚುರುಕಾಗಿ ತಿರುಗಿಸಿ ಸಡಿಲಿಸುತ್ತಾರೆ. ‘ಟಕ್’ ಎಂಬ ಸದ್ದು ಬರುವುದು ಆಗಲೇ. ಆ ಸದ್ದು ಮೂಳೆ ಸರಿದು ಜಾಗಕ್ಕೆ ಕೂತದ್ದಲ್ಲ, ಕೀಲಿನೊಳಗಿನ ದ್ರವದಲ್ಲಿ ಒತ್ತಡ ತಗ್ಗಿ ಉಂಟಾಗುವ ಅನಿಲದ ಗುಳ್ಳೆಗೆ ಸಂಬಂಧಿಸಿದ್ದು. ಅದು ಬರದಿದ್ದರೆ ಚಿಕಿತ್ಸೆ ಆಗಲಿಲ್ಲ ಎಂದೇನಿಲ್ಲ.

ಇವುಗಳಿಂದ ಎಷ್ಟು ನಿರೀಕ್ಷಿಸಬಹುದು? ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2021ರಲ್ಲಿ, ಬೇರೆ ಕಾರಣ ಸಿಗದ ದೀರ್ಘಕಾಲದ ನೋವಿಗೆ ಆಕ್ಯುಪಂಕ್ಚರ್ ಪರಿಗಣಿಸಬಹುದು ಎಂದಿತು. ಅದೇ ಸಂಸ್ಥೆ ಸೊಂಟ ನೋವಿಗೆ (2016) ಮತ್ತು ಮಂಡಿ ಸವೆತಕ್ಕೆ (2022) ಆಕ್ಯುಪಂಕ್ಚರ್ ಬೇಡವೆಂದಿದೆ. ಕೈಚಿಕಿತ್ಸೆಯನ್ನು ಸೊಂಟ ನೋವಿಗೆ ಒಪ್ಪಿದ್ದರೂ ವ್ಯಾಯಾಮದ ಜೊತೆಗೆ ಮಾತ್ರ. ನೋವು ತಗ್ಗಿತೆಂದು ಹೇಳುವವರು ಬಹಳ ಜನ ಇದ್ದಾರೆ, ಅವರ ಮಾತು ಸುಳ್ಳೆನ್ನಬೇಕಾಗಿಲ್ಲ. ಆದರೆ ಸಕ್ಕರೆ ಕಾಯಿಲೆ, ಕಿಡ್ನಿ ವೈಫಲ್ಯ, ಕ್ಯಾನ್ಸರ್ ಗುಣಪಡಿಸುತ್ತೇವೆ ಎನ್ನುವ ಫಲಕ ಕಂಡರೆ ಅಲ್ಲಿಂದ ಹಿಂದಿರುಗುವುದೇ ಸರಿ.

ಯಾರ ಕೈಗೆ ಮೈ ಕೊಡುವುದು

ಕೇಂದ್ರ ಸರ್ಕಾರ 2019ರಲ್ಲಿ ಆಕ್ಯುಪಂಕ್ಚರ್ ಅನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಗುರುತಿಸಿತು. ಮಹಾರಾಷ್ಟ್ರದಲ್ಲಿ ಇದಕ್ಕೆಂದೇ 2015ರ ಕಾನೂನು ಮತ್ತು ಮಂಡಳಿ ಇವೆ. ಚಿಕಿತ್ಸೆಗೆ ಕೊಲ್ಲಾಪುರ, ಸಾಂಗಲಿ ಕಡೆಗೆ ಹೋಗುವ ಬೆಳಗಾವಿ ಭಾಗದವರು ಮಂಡಳಿಯ ನೋಂದಣಿ ಇದೆಯೇ ಎಂದು ಕೇಳಬಹುದು. ನಮ್ಮ ರಾಜ್ಯದಲ್ಲಿ ಪ್ರಕೃತಿ ಚಿಕಿತ್ಸೆಯ ಬಿ.ಎನ್.ವೈ.ಎಸ್. ಪದವಿಯಲ್ಲಿ ಆಕ್ಯುಪಂಕ್ಚರ್ ಕಲಿಸಲಾಗುತ್ತದೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಕಾಲೇಜು ಈ ಪದವಿಯ ಹೆಸರಾಂತ ಸಂಸ್ಥೆ. ಆಸ್ಟಿಯೋಪತಿ ಮಾಡುವವರಲ್ಲಿ ಫಿಸಿಯೋಥೆರಪಿ ಪದವಿಯ ಮೇಲೆ ತರಬೇತಿ ಪಡೆದವರಿದ್ದಾರೆ; ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರೂ ಇರಬಹುದು. ಮೂಲ ಪದವಿ ಯಾವುದು, ಎಷ್ಟು ವರ್ಷ ಕಲಿತದ್ದು ಎಂದು ಫೋನಿನಲ್ಲೇ ಕೇಳುವುದು ಅವಮರ್ಯಾದೆಯಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾದ ಕಡೆ ಅದರ ಪ್ರಮಾಣಪತ್ರ ಎದ್ದು ಕಾಣುವಂತೆ ಗೋಡೆಯ ಮೇಲಿರುತ್ತದೆ.

ಸೂಜಿ ಒಬ್ಬರಿಗೆ ಒಮ್ಮೆ ಮಾತ್ರ ಬಳಸುವಂಥದ್ದಾಗಿರಬೇಕು, ಪೊಟ್ಟಣವನ್ನು ಕಣ್ಣೆದುರೇ ಹರಿಯಬೇಕು. ಕಲ್ಯಾಣ ಮಂಟಪದಲ್ಲೋ ಬಸದಿಯ ಆವರಣದಲ್ಲೋ ನಡೆಯುವ ಉಚಿತ ಶಿಬಿರಕ್ಕೂ ಈ ಮಾತು ಅನ್ವಯಿಸುತ್ತದೆ. ಸಾಲಾಗಿ ಕೂತ ನೂರು ಜನರ ನಡುವೆ ಕೇಳಲು ಮುಜುಗರವಾಗಬಹುದು, ಆದರೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ ಮತ್ತು ಸಿ, ಎಚ್ಐವಿ ಹರಡಬಲ್ಲವು. ಶಿಬಿರ ಏರ್ಪಡಿಸುವ ಯುವಕ ಸಂಘ, ಮಹಿಳಾ ಸಮಾಜಗಳೇ ಮೊದಲು ಕೇಳಿಬಿಟ್ಟರೆ ಬಂದವರಿಗೆ ಆ ಮುಜುಗರ ತಪ್ಪುತ್ತದೆ.

ಚೀಲದಲ್ಲಿ ಏನಿರಬೇಕು

ಹಳೆಯ ಎಕ್ಸ್‌ರೇ, ಎಂಆರ್‌ಐ, ಇತ್ತೀಚಿನ ರಕ್ತ ಪರೀಕ್ಷೆಯ ವರದಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ಬರೆಯಲು ಬೇಸರವಾದರೆ ಮಾತ್ರೆಯ ಪಟ್ಟಿಗಳನ್ನೇ ಒಂದು ಕವರಿನಲ್ಲಿ ಹಾಕಿಕೊಂಡು ಹೋದರೂ ಆಯಿತು. ರಕ್ತ ತೆಳುವಾಗಲು ತೆಗೆದುಕೊಳ್ಳುವ ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ಅಸಿಟ್ರೋಮ್, ವಾರ್ಫರಿನ್ ಇದ್ದರೆ ಸೂಜಿಗೆ ಮೊದಲೇ ಹೇಳಲೇಬೇಕು. ಚಿಕಿತ್ಸೆಗೆಂದು ಅವನ್ನು ತಾವಾಗಿ ನಿಲ್ಲಿಸಬಾರದು. ಹಾಗೆ ನಿಲ್ಲಿಸಿ ಪಾರ್ಶ್ವವಾಯು ತಂದುಕೊಳ್ಳುವುದಕ್ಕಿಂತ ಸೂಜಿಯ ಜಾಗದಲ್ಲಿ ಒಂದಿಷ್ಟು ಕಂದುವುದು ಎಷ್ಟೋ ಮೇಲು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ವಿದ್ಯುತ್ ಹರಿಸುವ ವಿಧಾನ ಮಾಡುವುದಿಲ್ಲ. ಗರ್ಭಿಣಿಯರು, ಮೂಳೆ ಟೊಳ್ಳಾದವರು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಹಿಂದೆ ಕ್ಯಾನ್ಸರ್ ಆಗಿದ್ದವರು ಅದನ್ನು ಮುಚ್ಚಿಡಬಾರದು. ಇಂಥವರ ಬೆನ್ನನ್ನು ಜೋರಾಗಿ ಒತ್ತಿದರೆ ಮೂಳೆ ಮುರಿಯುವ ಅಪಾಯವಿದೆ. ಕತ್ತನ್ನು ಥಟ್ಟನೆ ತಿರುಗಿಸುವ ವಿಧಾನದಿಂದ ಅಪರೂಪಕ್ಕೆ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಆದದ್ದುಂಟು. ‘ಕತ್ತು ತಿರುಗಿಸುವುದು ಬೇಡ’ ಎನ್ನುವ ಹಕ್ಕು ರೋಗಿಗೆ ಯಾವಾಗಲೂ ಇದೆ.

ಬಟ್ಟೆ ಸಡಿಲವಾಗಿರಲಿ. ಸೀರೆಗಿಂತ ಮಂಡಿಯ ಮೇಲಕ್ಕೆ ಸರಿಸಬಹುದಾದ ಸಲ್ವಾರ್ ಅಥವಾ ಪೈಜಾಮ ಅನುಕೂಲ. ಆಸ್ಟಿಯೋಪತಿಯಲ್ಲಿ ಬೆನ್ನು ನೋಡಲು ಮೇಲಿನ ಬಟ್ಟೆ ತೆಗೆಯಲು ಹೇಳಬಹುದು. ಮಹಿಳಾ ಚಿಕಿತ್ಸಕರೇ ಬೇಕು, ಮನೆಯವರು ಒಳಗಿರಬೇಕು ಎಂದು ಸಮಯ ಗೊತ್ತು ಮಾಡುವಾಗಲೇ ಹೇಳಿದರೆ ಹೆಚ್ಚಿನ ಕಡೆ ವ್ಯವಸ್ಥೆ ಮಾಡುತ್ತಾರೆ.

ಸೂಜಿಯ ಜೊತೆ ಬರುವ ಬೇರೆ ಸಂಗತಿಗಳು

ಆಕ್ಯುಪಂಕ್ಚರ್ ಸೂಜಿ ಸ್ಟೀಲಿನದು, ಕೂದಲಿಗಿಂತ ತುಸು ದಪ್ಪ. ಅದರಲ್ಲಿ ಔಷಧಿ ಇರುವುದಿಲ್ಲ. ಮಾಕ್ಸಾ ಎಂದು ಕಾವು ಕೊಡಲು ಹೊಗೆಯಾಡಿಸುವ ಕಡ್ಡಿ ಮಾಚಿಪತ್ರೆಯ ಜಾತಿಯ ಗಿಡದ್ದು. ಇಲ್ಲಿಯವರೆಗೆ ಅಹಿಂಸೆಯ ದೃಷ್ಟಿಯಿಂದ ತೊಡಕಿಲ್ಲ. ಆದರೆ ಕೆಲವು ಕಡೆ ಜಿಗಣೆ ಹಚ್ಚುವ, ಜೇನುಹುಳದ ವಿಷ ಬಳಸುವ ಚಿಕಿತ್ಸೆಗಳೂ ಇರುತ್ತವೆ. ಜೇನಿನ ವಿಷ ಅಲರ್ಜಿಯಾಗಿ ಪ್ರಾಣಕ್ಕೇ ಎರವಾಗಬಲ್ಲದು. ಬೇಡವೆಂದು ಮೊದಲೇ ತಿಳಿಸಬೇಕು.

ಹೆಚ್ಚು ಜನ ಗಮನಿಸದೆ ಹೋಗುವುದು ಕೊನೆಯಲ್ಲಿ ಕೈಗಿಡುವ ಡಬ್ಬಿಯನ್ನು. ಮಂಡಿ ಸವೆತಕ್ಕೆಂದು ಕೊಡುವ ಗ್ಲುಕೋಸಮೈನ್ ಸಾಮಾನ್ಯವಾಗಿ ಸಿಗಡಿ, ಏಡಿಯ ಚಿಪ್ಪಿನಿಂದ ತಯಾರಾಗುತ್ತದೆ. ಕಾಂಡ್ರಾಯ್ಟಿನ್ ದನ, ಹಂದಿ, ಶಾರ್ಕ್ ಮೀನಿನ ಮೃದ್ವಸ್ಥಿಯಿಂದ; ಕೊಲಾಜೆನ್ ಪ್ರಾಣಿಯ ಚರ್ಮ, ಎಲುಬು, ಮೃದ್ವಸ್ಥಿಯಿಂದ ಬರುತ್ತದೆ. ಕ್ಯಾಪ್ಸೂಲಿನ ಹೊರಕವಚ ಬಹುಮಟ್ಟಿಗೆ ಜೆಲಟಿನ್. ಆಹಾರ ಪೂರಕವೆಂದು ಮಾರುವ ಡಬ್ಬಿಯ ಮೇಲೆ ಹಸಿರು ಚುಕ್ಕೆ ಅಥವಾ ಕಂದು ಗುರುತು ಇರುತ್ತದೆ. ಔಷಧಿಯೆಂದು ಮಾರುವ ಪಟ್ಟಿಯ ಮೇಲೆ ಸಾಮಾನ್ಯವಾಗಿ ಆ ಗುರುತು ಕಾಣಿಸುವುದಿಲ್ಲ, ಹೀಗಾಗಿ ಕೇಳಿಯೇ ತಿಳಿಯಬೇಕು. ಜೋಳ ಅಥವಾ ಶಿಲೀಂಧ್ರದಿಂದ ಮಾಡಿದ ಗ್ಲುಕೋಸಮೈನ್, ಸಸ್ಯಜನ್ಯ ಕವಚದ ಕ್ಯಾಪ್ಸೂಲ್ ಸಿಗುತ್ತವೆ. ಹೃದಯಕ್ಕೋ ಸಕ್ಕರೆಗೋ ವೈದ್ಯರು ಬರೆದುಕೊಟ್ಟ ಕ್ಯಾಪ್ಸೂಲನ್ನು ಮಾತ್ರ ಇದೇ ಕಾರಣಕ್ಕೆ ಮನೆಯಲ್ಲೇ ತೀರ್ಮಾನಿಸಿ ಬಿಡಬಾರದು; ಬದಲಿ ಕೇಳಿ ಪಡೆಯಬೇಕು.

ಆ ದಿನ, ಆಮೇಲೆ

ಮೊದಲ ಭೇಟಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಅರ್ಧ ಸಮಯ ಮಾತಿಗೇ. ಸೂಜಿಗಳು ಇಪ್ಪತ್ತು, ಮೂವತ್ತು ನಿಮಿಷ ಇರುತ್ತವೆ. ಜೋಮು, ಭಾರ ಅನಿಸುವುದು ಸಾಮಾನ್ಯ. ಚುರುಕ್ಕೆಂದು ವಿದ್ಯುತ್ ಹರಿದಂತಾದರೆ ಆಗಲೇ ಹೇಳಬೇಕು. ಮೊದಲ ಸಲ ಮಲಗಿಯೇ ಮಾಡಿಸಿಕೊಳ್ಳುವುದು ಒಳ್ಳೆಯದು. ಕೊನೆಗೆ ಹಾಕಿದ ಸೂಜಿ, ತೆಗೆದ ಸೂಜಿ ಎಣಿಸಿ ನೋಡಲಿ. ಮನೆಗೆ ತಾವೇ ಸ್ಕೂಟರ್ ಓಡಿಸಿಕೊಂಡು ಹೋಗುವ ಬದಲು ಯಾರಾದರೂ ಜೊತೆಗಿರಲಿ. ಕೈಚಿಕಿತ್ಸೆಯ ನಂತರ ಒಂದೆರಡು ದಿನ ಮೈಕೈ ನೋವು ಇರಬಹುದು.

ಎದೆ, ಭುಜ, ಬೆನ್ನಿನ ಮೇಲ್ಭಾಗಕ್ಕೆ ಸೂಜಿ ಹಾಕಿಸಿಕೊಂಡ ಮೇಲೆ ಎದೆನೋವು, ಉಸಿರು ಕಟ್ಟಿದಂತಾದರೆ ಶ್ವಾಸಕೋಶಕ್ಕೆ ಚುಚ್ಚಿರಬಹುದು. ಅಪರೂಪದ ಘಟನೆ, ಆದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇನ್ನು ಕೆಲವು ನೋವುಗಳಿಗೆ ಈ ಕ್ಲಿನಿಕ್ಕಿನ ಸಮಯವನ್ನೇ ಕೇಳಬಾರದು. ಸೊಂಟ ನೋವಿನ ಜೊತೆ ಕಾಲು ಸೋತರೆ, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ. ಜ್ವರದೊಂದಿಗೆ ಬಂದ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರ ನೋವು ಮೊದಲು ವೈದ್ಯರ ಬಳಿಗೆ. ಎಡಗೈಗೆ ಹರಿಯುವ ಎದೆನೋವನ್ನು ‘ಭುಜ ಹಿಡಿದಿದೆ’ ಎಂದುಕೊಂಡು ಸೂಜಿ ಹಾಕಿಸಲು ಹೊರಡುವವರೂ ಉಂಟು. ಅವರನ್ನು ಮನೆಯವರು ತಡೆದು 108ಕ್ಕೆ ಕರೆ ಮಾಡಬೇಕು.