ಬಿಪಿ ನಾರ್ಮಲ್ ಬಂದರೆ ಮಾತ್ರೆ ಬಿಡಬಹುದೇ?

‘ಬಿಪಿ ನಾರ್ಮಲ್ ಆಯಿತೇ? ಮಾತ್ರೆ ಬಿಡಿ, ಇಲ್ಲದಿದ್ದರೆ ಅಭ್ಯಾಸವಾಗುತ್ತದೆ’ ಎಂಬ ಮಾತು ವಾಟ್ಸಾಪ್‌ನಲ್ಲಿ ನಮಗೆಲ್ಲ ಬರುತ್ತಿರುತ್ತದೆ. ಇದು ತಪ್ಪು.

ಬಿಪಿ ಹತೋಟಿಯಲ್ಲಿರುವುದು ಸಾಮಾನ್ಯವಾಗಿ ಮಾತ್ರೆಯಿಂದಲೇ. ಬಿಟ್ಟರೆ ಮತ್ತೆ ಏರುತ್ತದೆ. ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣದ ಕಾರಣ, ಏರಿದ್ದು ತಿಳಿಯುವಷ್ಟರಲ್ಲಿ ಪಾರ್ಶ್ವವಾಯು, ಹೃದಯಾಘಾತವೇ ಆಗಿರಬಹುದು.

ಮಾತ್ರೆ ಬಿಡಲು ಬೇರೆ ಕಾರಣಗಳೂ ಇವೆ. ಅವಕ್ಕೆ ದಾರಿಯೂ ಇದೆ:

• ಅಡ್ಡಪರಿಣಾಮ: ಅಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲು ಊದುತ್ತದೆ, ಎನಾಲಾಪ್ರಿಲ್‌ನಿಂದ ಒಣಕೆಮ್ಮು ಬರುತ್ತದೆ. ವೈದ್ಯರಿಗೆ ಹೇಳಿದರೆ ಮಾತ್ರೆ ಬದಲಿಸುತ್ತಾರೆ.
• ಖರ್ಚು: ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.
• ಮಾತ್ರೆಗಳು ಹೆಚ್ಚು: ಎರಡು ಔಷಧಿ ಸೇರಿದ ಒಂದೇ ಮಾತ್ರೆಯೂ ಇದೆ.
• ಮರೆವು: ದಿನವೂ ಒಂದೇ ಹೊತ್ತಿಗೆ ತೆಗೆದುಕೊಳ್ಳಿ.

ಉಪ್ಪು, ತೂಕ ಇಳಿಸಿದರೆ ಕೆಲವರಿಗೆ ಡೋಸ್ ಕಡಿಮೆಯಾಗಬಹುದು. ಅದನ್ನು ವೈದ್ಯರು ನಿರ್ಧರಿಸಲಿ, ಫಾರ್ವರ್ಡ್ ಅಲ್ಲ.